ಗುಡ್ಡಕ್ಕೆ ಹೊತ್ತ ನೀರು

ಪುಣೆಯಲ್ಲಿ ನೆಲೆಸಿದ ನಮ್ಮಂಥ ಕನ್ನಡ ಕುಟುಂಬಗಳಿಗೆ ಯುಗಾದಿಯ ಮಟ್ಟಿಗೆ ಒಂದು ಅನುಕೂಲವುಂಟು. ನಾವು ಮನೆಯಲ್ಲಿ ಬೇವು-ಬೆಲ್ಲ ಹಂಚುವ ಹೊತ್ತಿಗೆ ಎದುರುಮನೆಯವರು ಗುಡಿಯನ್ನೇರಿಸಿ, ಅದಕ್ಕೆ ಜರಿಯ ವಸ್ತ್ರ, ಬೇವಿನ ಟೊಂಗೆ, ಸಕ್ಕರೆಯ ಗಾಠಿ ಕಟ್ಟಿರುತ್ತಾರೆ. ಚೈತ್ರ ಶುದ್ಧ ಪ್ರತಿಪದೆ ಎರಡು ಮನೆಗೂ ಒಂದೇ, ಬೇವೂ ಒಂದೇ. ಬೇರೆ ಹಬ್ಬಗಳಲ್ಲಿ ನಮ್ಮದು ಯಾವುದು, ಅವರದು ಯಾವುದು ಎಂದು ಮಕ್ಕಳಿಗೆ ತಿಳಿಯಹೇಳಬೇಕಾಗುತ್ತದೆ. ಈ ಹಬ್ಬದಲ್ಲಿ ಆ ತೊಡಕಿಲ್ಲ. ಆದರೂ ನಮ್ಮನ್ನು ಪೇಚಿಗೆ ಸಿಕ್ಕಿಸಿದ ಪ್ರಶ್ನೆ ಹುಟ್ಟಿದ್ದು ಯುಗಾದಿಯ ದಿನವೇ.

೨೦೨೨ರ ಏಪ್ರಿಲ್ ೨ರಂದು ಯುಗಾದಿ ಬಂದಿತ್ತು. ಎರಡು ವರ್ಷ ರೋಗದ ಭಯದಿಂದ ಮನೆಯಲ್ಲೇ ಕುಳಿತಿದ್ದ ನಾವು ಏಳು ಕುಟುಂಬಗಳು ಆ ಸಲ ಒಂದು ಸಭಾಗೃಹದಲ್ಲಿ ಕೂಡಿದೆವು. ಕೋಸಂಬರಿ, ಪಾನಕ, ಹೋಳಿಗೆ ಎಲ್ಲವೂ ಇದ್ದುವು. ಹೆಂಗಸರು ಬೇಂದ್ರೆಯವರ ಯುಗಾದಿಯ ಹಾಡನ್ನು ಹಾಡಿದರು. ಹೊರಗಿನ ರಿಕ್ಷಾಗಳ ಗದ್ದಲ ಕೇಳಬಾರದೆಂದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಪಂಖಾ ಹಾಕಿಕೊಂಡು ಕುಳಿತಿದ್ದೆವು. ಹಾಡು ಮುಗಿದಾಗ ಎಂಟು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, “ವಸಂತ ಬಂತು ಅಂತ ಹಾಡಿದಿರಲ್ಲ, ಎಲ್ಲಿ ಬಂದಿದೆ? ತೋರಿಸಿ” ಎಂದಳು.

ಎಲ್ಲರೂ ನಕ್ಕೆವು. ಆದರೆ ತೋರಿಸುವುದಕ್ಕೆ ಏನಿತ್ತು? ಬೇವಿನ ಟೊಂಗೆಯನ್ನು ಹಿಂದಿನ ದಿನ ಮಂಡಯಿಯಲ್ಲಿ ಹಣ ಕೊಟ್ಟು ತಂದಿದ್ದೆವು. ಅದು ಯಾವ ಮರದ್ದು, ಆ ಮರ ಎಲ್ಲಿದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿಯದು. ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಈ ಊರಿನ ಅನ್ನ ಉಂಡವರು ನಾವು. ಬಸ್ಸಿನ ನಂಬರುಗಳು ಗೊತ್ತು, ಒಳ್ಳೆಯ ಬಾಕರವಡಿ ಎಲ್ಲಿ ಸಿಗುತ್ತದೆಂಬುದು ಗೊತ್ತು. ಇಲ್ಲಿಯ ಒಂದು ಮರದ ಗುರುತು ಮಾತ್ರ ಇರಲಿಲ್ಲ. ನಮ್ಮ ವಸಂತವೆಲ್ಲ ಊರಿನಲ್ಲೇ ಉಳಿದಿತ್ತು, ಧಾರವಾಡದ ಸಾಧನಕೇರಿಯಲ್ಲಿ, ತೀರ್ಥಹಳ್ಳಿಯ ಹಾದಿಯಲ್ಲಿ, ಕುಂದಾಪುರದ ಹಿತ್ತಿಲಿನಲ್ಲಿ.

ಮುಂದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ವೇತಾಳ ಟೇಕಡಿಯ ಬುಡದಲ್ಲಿ ಕೂಡುವುದೆಂದು ನಿಶ್ಚಯವಾಯಿತು. ಪುಣೆಯವರು ಗುಡ್ಡಕ್ಕೆ ಟೇಕಡಿ ಎನ್ನುತ್ತಾರೆಂಬುದು ತಮಗೆ ತಿಳಿದದ್ದೇ. ಹನುಮಾನ್ ಟೇಕಡಿ, ಪರ್ವತಿ, ತಳಜಾಯಿ, ಬಾಣೇರ್ ಎಂದು ಊರೊಳಗೆ ಇಂಥ ಗುಡ್ಡಗಳು ಹಲವು; ಅವುಗಳಲ್ಲಿ ವೇತಾಳ ಟೇಕಡಿ ಎತ್ತರದ್ದು. ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು. ನೆತ್ತಿಯ ಮೇಲೆ ವೇತಾಳಬಾಬಾನ ಗುಡಿ, ಒಂದು ಪಕ್ಕಕ್ಕೆ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿ, ಸುತ್ತಲೂ ನಾಲ್ಕು ದಿಕ್ಕಿಗೂ ನಗರ. ಬೆಳಗಾದರೆ ಸಾಕು, ಕೋಲೂರುವ ಮುದುಕರಿಂದ ಹಿಡಿದು ಓಡುವ ಹುಡುಗರವರೆಗೆ ನೂರಾರು ಜನ ಏರಿ ಬರುತ್ತಾರೆ.

ನಾವು ಏರಿದೆವು, ಅಂದರೆ ಮಕ್ಕಳು ಏರಿದರು, ನಾವು ನಿಂತು ನಿಂತು ಹಿಂದೆ ಹೋದೆವು. ನಮ್ಮ ಜೊತೆ ಧಾರವಾಡದ ಕಡೆಯ ಅಜ್ಜಿಯೊಬ್ಬರು ಇದ್ದರು. ಎಪ್ಪತ್ತು ದಾಟಿದರೂ ನಡಿಗೆಯಲ್ಲಿ ನಮಗಿಂತ ಗಟ್ಟಿ. ಅರ್ಧ ದಾರಿಯಲ್ಲಿ ಎಲೆಯಿಲ್ಲದ ಒಂದು ಸೊಟ್ಟ ಮರ, ಅದರ ಮೇಲೆ ಅಲ್ಲಲ್ಲಿ ಉಳಿದ ಕೆಂಡದಂಥ ಹೂ. ಅಜ್ಜಿ ಅಲ್ಲೇ ನಿಂತುಬಿಟ್ಟರು.

“ಅಯ್ಯ, ಇದು ಮುತ್ತಲ ಗಿಡ ಅಲ್ಲೇನ? ನಮ್ಮ ಹೊಲದ ಬದುವಿನ ಮ್ಯಾಲೆ ಇದ್ದದ್ದು ಇಲ್ಲೆ ಬಂದು ನಿಂತದ ನೋಡ್ರಿ! ಇದರ ಎಲಿ ಹಚ್ಚಿ ಎಷ್ಟು ಪತ್ರಾವಳಿ ಮಾಡೀವಿ, ಲೆಕ್ಕ ಇಲ್ಲ.”

ಆಗ ಹಿಂದಿನಿಂದ ಒಬ್ಬ ಹಿರಿಯರು, “ಪಳಸ, ಪಳಸ” ಎಂದು ನಗುತ್ತ ಬಂದರು. ಖಾಕಿ ಚಡ್ಡಿ, ತಲೆಗೆ ಟೋಪಿ, ಎರಡೂ ಕೈಯಲ್ಲಿ ಐದೈದು ಲೀಟರಿನ ನೀರಿನ ಕ್ಯಾನು. ನಾವು ಬರಿಗೈಯಲ್ಲಿ ಏದುಸಿರು ಬಿಡುತ್ತಿರುವಾಗ ಅವರು ಹತ್ತು ಲೀಟರು ಹೊತ್ತು ಸಲೀಸಾಗಿ ಬಂದದ್ದು ನೋಡಿ ನಾಚಿಕೆಯಾಯಿತು. ಮಕ್ಕಳು ಅವರನ್ನು ಕೂಡಲೇ ‘ಕಾಕಾ’ ಮಾಡಿಕೊಂಡವು. ಆ ಶಬ್ದ ಧಾರವಾಡಕ್ಕೂ ಪುಣೆಗೂ ಒಂದೇ ಆದದ್ದರಿಂದ ತರ್ಜುಮೆಯ ಕಷ್ಟ ಬೀಳಲಿಲ್ಲ.

ಅಂದಿನಿಂದ ನಮ್ಮ ಮಕ್ಕಳಿಗೆ ಒಂದು ಆಟ ಸಿಕ್ಕಿತು. ಮರವೊಂದು ಕಂಡರೆ ಅಜ್ಜಿ ಕನ್ನಡದ ಹೆಸರು ಹೇಳಬೇಕು, ಕಾಕಾ ಮರಾಠಿಯ ಹೆಸರು ಹೇಳಬೇಕು. ಮುತ್ತುಗಕ್ಕೆ ಪಳಸ, ಬೂರುಗಕ್ಕೆ ಸಾವರ, ಹಾಲವಾಣಕ್ಕೆ ಪಾಂಗಾರಾ, ಹೊಂಗೆಗೆ ಕರಂಜ, ಕಕ್ಕೆಗೆ ಬಹಾವಾ. ಬೂರುಗದ ಹೂ ಆಗಲೇ ಉದುರಿ ಕಾಯಿಯಾಗಿತ್ತು. ಹೊಂಗೆ ಮಾತ್ರ ಎಣ್ಣೆ ಹಚ್ಚಿದಂಥ ಹೊಸ ಎಲೆ ಹೊತ್ತು ಹೊಳೆಯುತ್ತಿತ್ತು. ಗಣಿಯ ನೀರಿನ ಆಚೆಯಿಂದ ನವಿಲು ಕೂಗಿತು. ಎಲ್ಲೋ ಒಂದು ಹಕ್ಕಿ ತಾಮ್ರದ ಪಾತ್ರೆ ಬಡಿದಂತೆ ಟುಕ್ ಟುಕ್ ಎನ್ನುತ್ತಿತ್ತು. ಕಾಕಾ ಅದನ್ನು ತಾಂಬಟ ಎಂದರು. ಕಂಚುಗಾರ ಹಕ್ಕಿ ಎಂದು ನಮ್ಮಲ್ಲೊಬ್ಬರಿಗೆ ನೆನಪಾಯಿತು. ಎರಡು ಭಾಷೆಯ ಜನವೂ ಆ ದನಿಯಲ್ಲಿ ಒಂದೇ ಅಂಗಡಿಯನ್ನು ಕೇಳಿದ್ದರು. ಪ್ರಶ್ನೆ ಕೇಳಿದ ಹುಡುಗಿ ಉತ್ತರ ಸಿಕ್ಕಿತೆಂಬಂತೆ ಮುತ್ತುಗದ ಹೂವೊಂದನ್ನು ಕಿಸೆಯಲ್ಲಿಟ್ಟುಕೊಂಡಳು.

ಇಳಿಯುವಾಗ ಒಬ್ಬ ಹುಡುಗ, “ಇಲ್ಲೆಲ್ಲ ಒಂದೇ ಜಾತಿಯ ಗಿಡ ಯಾಕೆ ಇಷ್ಟು?” ಎಂದು ಕೇಳಿದ. ನಿಜವೇ. ಇಳಿಜಾರಿನ ಉದ್ದಕ್ಕೂ ತೆಳ್ಳನೆಯ ಕಾಂಡಗಳು ಒತ್ತಾಗಿ ಬೆಳೆದು, ತುದಿಯಲ್ಲಿ ತೆಳುಗುಲಾಬಿ ಹೂವಿನ ಕೊನೆಯ ಗೊಂಚಲುಗಳನ್ನು ಹೊತ್ತಿದ್ದವು. ಅದು ಗ್ಲಿರಿಸಿಡಿಯಾ. ಹುಟ್ಟೂರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬದುವಿನಲ್ಲಿ ನೆಟ್ಟು ಗೊಬ್ಬರದ ಗಿಡವೆಂದರು. ಇಲ್ಲಿಯವರು ಅದರ ಬೀಜದ ವಿಷ ಕಂಡು ಉಂದೀರಮಾರಿ, ಅಂದರೆ ಇಲಿ ಕೊಲ್ಲುವುದು, ಎಂದರು. ಒಂದೇ ಗಿಡಕ್ಕೆ ಒಂದು ಕಡೆ ಉಪಕಾರಿಯ ಹೆಸರು, ಇನ್ನೊಂದು ಕಡೆ ಕೊಲೆಗಡುಕನ ಹೆಸರು! ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೋಳು ಗುಡ್ಡಗಳನ್ನು ಬೇಗ ಹಸಿರು ಮಾಡಬೇಕೆಂಬ ಆಸೆಯಿಂದ ಇದನ್ನು ವಿಪುಲವಾಗಿ ನೆಟ್ಟರು. ಹಸಿರೇನೋ ಆಯಿತು. ಆದರೆ ಅದರ ದಟ್ಟ ನೆರಳಿನ ಕೆಳಗೆ ಹುಲ್ಲು ಏಳಲಿಲ್ಲ, ಊರಿನ ಸಸಿಗಳು ತಲೆಯೆತ್ತಲಿಲ್ಲ.

ಗುಡ್ಡವೆಂದರೆ ತುಂಬ ಮರಗಳಿರಬೇಕೆಂಬುದೇ ಒಂದು ತಪ್ಪು ತಿಳಿವಳಿಕೆ ಎಂದು ಕಾಕಾ ಹೇಳಿದರು. ಇದು ದಖ್ಖಣದ ಕಪ್ಪುಕಲ್ಲಿನ ಗುಡ್ಡ. ಕಲ್ಲಿನ ಮೇಲೆ ಮುರುಮು, ಮುರುಮಿನ ಮೇಲೆ ಗೇಣುದ್ದವೂ ಇಲ್ಲದ ಮಣ್ಣು. ಮಳೆ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಇಲ್ಲಿಯ ನಿಜವಾದ ಸಂಪತ್ತು ಹುಲ್ಲುಗಾವಲು, ಅದರ ನಡುವೆ ದೂರ ದೂರ ನಿಂತ ಗಟ್ಟಿ ಜೀವದ ಮರಗಳು. ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿಗೆ ತೋಪು ಬೇಡ, ಹುಲ್ಲು ಬೇಕು. ಕಾಕಾ ಹೇಳಿದ್ದೇನೂ ಅವರೊಬ್ಬರ ಮಾತಲ್ಲ. ಕೆಟ್ಟ ನೆಲವನ್ನು ಮತ್ತೆ ಅದರ ಮೊದಲಿನ ಸ್ಥಿತಿಗೆ ಹೇಗೆ ತರಬಹುದೆಂಬುದನ್ನು ಜನಸಾಮಾನ್ಯರಿಗೆ ಕಲಿಸಲೆಂದೇ ಪ್ರಕಾಶ ಗೋಳೆಯವರು ೧೯೮೨ರಲ್ಲಿ ಈ ಪುಣೆಯಲ್ಲಿ ಇಕಾಲಾಜಿಕಲ್ ಸೊಸೈಟಿಯನ್ನು ಸ್ಥಾಪಿಸಿದ್ದರು. ಅವರು ೨೦೧೩ರಲ್ಲಿ ತೀರಿಕೊಂಡರು. ಗಿಡ ನೆಡುವ ಮುಂಚೆ ನೆಲವನ್ನು ಓದಬೇಕೆಂಬ ಪಾಠ ಈ ಊರಿನ ನಡೆಗಾರರ ಬಾಯಲ್ಲಿ ಉಳಿದಿದೆ.

ಇಷ್ಟೆಲ್ಲ ಕೇಳಿಯೂ ನಾವು ಮಾಡಿದ್ದೇನು? ಅದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಜುಲೈಯಲ್ಲಿ ಮಳೆ ಹಿಡಿದ ಮೇಲೆ ನಮ್ಮ ಏಳು ಕುಟುಂಬಗಳಿಗೂ ಗಿಡ ನೆಡುವ ಹುಮ್ಮಸ್ಸು ಬಂತು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದ ನಡೆಗಾರರ ಗುಂಪೊಂದು ಇಳಿಜಾರಿನ ಒಂದು ತುಣುಕನ್ನು ನಮಗೂ ಬಿಟ್ಟುಕೊಟ್ಟಿತು. ಏನು ನೆಡಬೇಕೆಂದು ಕಾಕಾನನ್ನು ಕೇಳಬಹುದಿತ್ತು; ಕೇಳಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಮರ ತಂದರು! ತೀರ್ಥಹಳ್ಳಿಯವರು ಸಂಪಿಗೆ ತಂದರು. ಧಾರವಾಡದವರು ಆಪೂಸಿನ ಕಸಿಗಿಡ ತಂದರು. ಕುಂದಾಪುರದ ಕಡೆಯ ಹೋಟೆಲಿನವರು ನಾಲ್ಕು ಹಲಸಿನ ಸಸಿಗಳನ್ನು ಊರಿನಿಂದ ಬಸ್ಸಿನಲ್ಲಿ ಮಡಿಲಮೇಲಿಟ್ಟುಕೊಂಡು ತರಿಸಿದ್ದರು. “ಒಂದು ಹಲಸಿನ ಮರ ಉಂಟಾದರೆ ಒಂದು ಸಂಸಾರ ಬದುಕ್ತದೆ ಮಾರಾಯ್ರೆ” ಎಂದು ಅವರು ಹೇಳುವಾಗ ನಮಗೆಲ್ಲ ಕಣ್ಣು ತುಂಬಿ ಬಂದಿತ್ತು. ಒಟ್ಟು ಇಪ್ಪತ್ತೇಳು ಸಸಿ. ಫೋಟೋ ತೆಗೆಸಿಕೊಂಡೆವು, ಉಪ್ಪಿಟ್ಟು ತಿಂದೆವು, ನಾಡಗೀತೆ ಹಾಡಿದೆವು.

ಕಾಕಾ ದೂರ ನಿಂತು ನೋಡುತ್ತಿದ್ದರು. ಬಳಿಗೆ ಬಂದು ಒಂದೇ ಮಾತು ಕೇಳಿದರು: “ಲಾವಣಾರ ತರ ಸಗಳೇಚ, ಪಾಣೀ ಕೋಣ ಘಾಲಣಾರ?” ನೆಡುವವರೇನೋ ಎಲ್ಲರೂ, ನೀರು ಹಾಕುವವರು ಯಾರು? ಮಳೆ ಸುರಿಯುತ್ತಿತ್ತು. ಆ ಪ್ರಶ್ನೆ ನಮಗೆ ಆಗ ತಮಾಷೆಯಾಗಿ ಕೇಳಿತು.

೨೦೨೩ರ ಯುಗಾದಿ ಮಾರ್ಚ್ ೨೨ಕ್ಕೆ ಬಂತು. ಹಬ್ಬದ ಮಾರನೆಯ ಭಾನುವಾರ ಮಕ್ಕಳನ್ನು ಕರೆದುಕೊಂಡು ‘ನಮ್ಮ ತೋಟ’ ನೋಡಲು ಹೋದೆವು. ಮಳೆ ನಿಂತ ಮೇಲೆ ಮನೆಯ ಕೆಲಸ, ಮಕ್ಕಳ ಪರೀಕ್ಷೆ, ಮದುವೆ ಮುಂಜಿ ಎಂದು ನಮ್ಮಲ್ಲಿ ಹೆಚ್ಚಿನವರು ಆ ಕಡೆ ತಲೆಹಾಕಿರಲಿಲ್ಲ. ಇಪ್ಪತ್ತೇಳರಲ್ಲಿ ಬದುಕಿದ್ದುವು ಎರಡು. ಸಂಪಿಗೆಗಳು ಕಡ್ಡಿಯಾಗಿದ್ದವು. ಹಲಸಿನ ನಾಲ್ಕು ಗುಣಿಗಳಲ್ಲಿ ಏನಿತ್ತೆಂಬ ಗುರುತೂ ಸಿಗಲಿಲ್ಲ. ಕೋಲಿಗೆ ಕಟ್ಟಿದ್ದ ಹೆಸರಿನ ಚೀಟಿಗಳು ಮಾತ್ರ ಗಾಳಿಗೆ ಆಡುತ್ತಿದ್ದವು. ಆ ಹೋಟೆಲಿನವರು ಏನೂ ಆಡದೆ ಬಗ್ಗಿ ನಾಲ್ಕು ಚೀಟಿಗಳನ್ನೂ ಬಿಚ್ಚಿ ಕಿಸೆಗೆ ಹಾಕಿಕೊಂಡರು. ನಾವು ಯಾರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಅಂದು ಇಳಿಯುವಾಗ ನಮ್ಮ ತಪ್ಪು ನಮಗೆ ತಿಳಿಯಿತು. ನಾವು ಗುಡ್ಡಕ್ಕಾಗಿ ಗಿಡ ನೆಟ್ಟಿರಲಿಲ್ಲ; ಕಳೆದುಕೊಂಡ ಊರನ್ನು ಅಲ್ಲಿ ನೆಡಲು ಹೋಗಿದ್ದೆವು. ಕರಾವಳಿಯ ಮಳೆಯನ್ನೂ ಮಲೆನಾಡಿನ ಮಣ್ಣನ್ನೂ ಹಲಸು ಸಂಪಿಗೆಗಳ ಜೊತೆ ತರಲು ನಮ್ಮಿಂದಾದೀತೆ? ನೀರಿಲ್ಲದ ಕಲ್ಲಿನ ಮೇಲೆ ಅವುಗಳನ್ನು ಬಿಟ್ಟು, ನಾವು ನಲ್ಲಿಯಿದ್ದ ಮನೆಗೆ ಬಂದು ಮಲಗಿದ್ದೆವು.

ಆ ವರ್ಷದ ಏಪ್ರಿಲಿನಲ್ಲಿ ಗುಡ್ಡದ ವಿಷಯ ಪೇಪರುಗಳಲ್ಲೆಲ್ಲ ತುಂಬಿತ್ತು. ಬಾಲಭಾರತಿಯಿಂದ ಪೌಡ ಫಾಟಾದವರೆಗೆ ಗುಡ್ಡದ ಮೈಮೇಲೆ ಒಂದು ರಸ್ತೆ, ಅದರ ಹೊಟ್ಟೆಯೊಳಗೆ ಸುರಂಗಗಳು ಎಂಬ ಯೋಜನೆಯ ವಿರುದ್ಧ ಜನ ಮೆರವಣಿಗೆ ಹೊರಟರು. ವಾಹನಗಳ ಕಾಟ ಕಂಡವರು ರಸ್ತೆ ಬೇಕೆನ್ನುವುದೂ ಸಹಜವೇ; ಆ ವಾದ ಈ ಲೇಖನದಲ್ಲಿ ಬೇಡ. ನಾವೂ ಮಕ್ಕಳ ಕೈಹಿಡಿದು ನಾಲ್ಕು ಹೆಜ್ಜೆ ಹಾಕಿದೆವು. ಆದರೆ ನಡೆಯುವಾಗ ಒಂದು ಅಳುಕು. ‘ನಮ್ಮ ಟೇಕಡಿ’ ಎಂದು ಕೂಗುವ ಗುಂಪಿನಲ್ಲಿ ಆ ‘ನಮ್ಮ’ ಎನ್ನುವುದಕ್ಕೆ ನಮ್ಮ ನಾಲಿಗೆ ಅಷ್ಟು ಸಲೀಸಾಗಿ ಏಳಲಿಲ್ಲ. ಕರ್ನಾಟಕದವರೆಂಬ ಕಾರಣಕ್ಕಲ್ಲ, ಇಪ್ಪತ್ತೈದು ಸಸಿಗಳನ್ನು ಒಣಗಿಸಿದವರೆಂಬ ಕಾರಣಕ್ಕೆ.

ಆ ಜುಲೈಯಲ್ಲಿ ಹನ್ನೊಂದೇ ಸಸಿ ನೆಟ್ಟೆವು. ಐದು ಮುತ್ತುಗ, ಮೂರು ಕಕ್ಕೆ, ಎರಡು ಬಾರೆ, ಒಂದು ಬೇವು. ಆರಿಸಿದವರು ಕಾಕಾ. ಹುಲ್ಲಿನ ಬಯಲನ್ನು ಬಿಟ್ಟು, ಗ್ಲಿರಿಸಿಡಿಯಾ ಕಡಿದು ತೆರವಾಗಿದ್ದ ಅಂಚಿನಲ್ಲಿ ಜಾಗ ತೋರಿಸಿದರು. ಗುಣಿಯ ಕೆಳಮಗ್ಗುಲಿಗೆ ಅರ್ಧಚಂದ್ರದಂತೆ ಕಲ್ಲು ಜೋಡಿಸಿದರೆ ಇಳಿಯುವ ನೀರು ನಿಲ್ಲುತ್ತದೆ. ಬುಡಕ್ಕೆ ಒಣಹುಲ್ಲು ಹೊದಿಸಿದರೆ ತೇವ ಆರುವುದಿಲ್ಲ. ಜನವರಿಯೊಳಗೆ ಸುತ್ತಲಿನ ಒಣಹುಲ್ಲನ್ನು ಕೊಯ್ದು ಪಟ್ಟಿ ಬಿಡಿಸಿದರೆ ಬೆಂಕಿ ದಾಟುವುದಿಲ್ಲ. ಇದನ್ನೆಲ್ಲ ಅವರು ಕೈಯಲ್ಲಿ ಮಾಡಿ ತೋರಿಸಿದರು. ಆ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಲಿಲ್ಲ. ಈ ಸಲ ನಾವೇ ಒಂದು ಪಟ್ಟಿ ಬರೆದು ತಂದಿದ್ದೆವು: ನವೆಂಬರಿನಿಂದ ಮೇ ಮುಗಿಯುವವರೆಗೆ ವಾರಕ್ಕೆರಡು ಸರದಿ, ಯಾವ ದಿನ ಯಾರ ಮನೆ.

ನೀರು ಹೊರುವುದೆಂದರೆ ಏನೆಂಬುದು ಹೊತ್ತವರಿಗೇ ಗೊತ್ತು. ಐದು ಲೀಟರು ಕೆಳಗೆ ಐದು ಸೇರಿನಂತೆ ಇರುತ್ತದೆ, ಅರ್ಧ ಗುಡ್ಡಕ್ಕೆ ಹತ್ತಾಗುತ್ತದೆ, ನೆತ್ತಿ ಹತ್ತಿರವಾದಂತೆ ಇಪ್ಪತ್ತು. ಮೊದಲ ತಿಂಗಳು ಬೆನ್ನುನೋವಿನ ಮುಲಾಮು ಖರ್ಚಾಯಿತು. ನಮ್ಮಲ್ಲೊಬ್ಬರು ಕೆಳಗೆ ಕುಳಿತು ಗೊಣಗುವಾಗ ಅಜ್ಜಿ ಸಾಲುಮರದ ತಿಮ್ಮಕ್ಕನ ಕಥೆ ತೆಗೆದರು. ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಗೆ ಆಲದ ಸಸಿ ನೆಟ್ಟು, ಗಂಡ ಹೆಂಡತಿ ಇಬ್ಬರೂ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರಲ್ಲ! ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಯಿಂದ ಬೀಗಿದವರೇ. “ಬೀಗೂದು ಹಗುರ, ಹೊರೂದು ಭಾರ” ಎಂದರು ಅಜ್ಜಿ. ಗೊಣಗಾಟ ನಿಂತಿತು.

ನೀರಿನ ಜೊತೆ ಇನ್ನೊಂದು ಕೆಲಸ ಕಳೆ ಕೀಳುವುದು. ಗುಡ್ಡದ ದಾರಿಯ ಅಂಚಿಗೆಲ್ಲ ಬಿಳಿಯ ಪುಟ್ಟ ಹೂವಿನ ಪಾರ್ಥೇನಿಯಂ. ನಮ್ಮ ಕಡೆ ಕಾಂಗ್ರೆಸ್ ಕಳೆ ಎಂದರೆ ಎಲ್ಲರಿಗೂ ಗೊತ್ತು, ಮರಾಠಿಯಲ್ಲಿ ಗಾಜರಗವತ. ಇದು ನಮ್ಮ ದೇಶದಲ್ಲಿ ಕಳೆಯಾಗಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು ೧೯೫೫ರಲ್ಲಿ, ಇದೇ ಪುಣೆಯಲ್ಲಿ. ಇಲ್ಲಿಂದ ಅದು ದೇಶವೆಲ್ಲ ಹಬ್ಬಿತು. ಮೈಗೆ ತುರಿಕೆ ತರುತ್ತದೆ, ದನ ತಿನ್ನುವುದಿಲ್ಲ, ತನ್ನ ಪಕ್ಕದಲ್ಲಿ ಬೇರೆ ಬೀಜ ಮೊಳೆಯಲು ಬಿಡುವುದಿಲ್ಲ. ಅದನ್ನು ತಿನ್ನುವ ಒಂದು ಜಾತಿಯ ಹುಳವನ್ನು ಮೆಕ್ಸಿಕೋದಿಂದ ತರಿಸಿ ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. “ನಮ್ಮ ಪುಣೆ ರೋಗ ಕೊಟ್ಟಿತು, ನಿಮ್ಮ ಬೆಂಗಳೂರು ಔಷಧ ಕೊಟ್ಟಿತು” ಎಂದು ಕಾಕಾ ನಕ್ಕರು.

ಮೊಣಕೈವರೆಗೆ ಚೀಲ ಕಟ್ಟಿಕೊಂಡು, ಹೂ ಬಿಡುವ ಮುಂಚೆಯೇ ಬೇರುಸಹಿತ ಕೀಳುತ್ತಿದ್ದೆವು. ಹನ್ನೆರಡು ವರ್ಷದ ಹುಡುಗನೊಬ್ಬ ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತ. ಅವನಿಗೆ ಅದೇ ವಾರ ಶಾಲೆಯ ಮೈದಾನದಲ್ಲಿ ಒಬ್ಬರು “ನೀನು ಹೊರಗಿನವ, ನಿನ್ನ ಊರಿಗೆ ಹೋಗು” ಎಂದಿದ್ದರಂತೆ. ಮನೆಯಲ್ಲಿ ಹೇಳಿರಲಿಲ್ಲ.

“ಇದು ಹೊರಗಿನಿಂದ ಬಂದದ್ದು ಅಂತ ಕೀಳ್ತೀವಿ. ನಾವೂ ಹೊರಗಿನಿಂದಲೇ ಬಂದವರಲ್ಲವಾ?” ಎಂದು ಕೇಳಿದ.

ಕಳೆ ಕೀಳುತ್ತಿದ್ದ ಹತ್ತು ಹನ್ನೆರಡು ಕೈಗಳು ಒಮ್ಮೆಗೇ ನಿಂತವು. ಇದು ನಮ್ಮೆಲ್ಲರ ಒಳಗೂ ಇದ್ದ ಪ್ರಶ್ನೆ. ಯಾರೂ ಬಾಯಿಬಿಟ್ಟು ಕೇಳಿಕೊಂಡಿರಲಿಲ್ಲ. ಏನು ಉತ್ತರ ಕೊಡಬೇಕೆಂದು ನಾವು ತಡಕಾಡುತ್ತಿರುವಾಗ ಅಜ್ಜಿ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದರು. ರೊಟ್ಟಿಯ ಮೇಲೆ ಕೆಂಪುಖಾರದ ಚಟ್ನಿ.

“ತಮ್ಮಾ, ಇಲ್ಲಿ ಬಾ. ಈ ಬ್ಯಾಡಗಿ ಮೆಣಸಿನಕಾಯಿ ಎಲ್ಲಿದು ಹೇಳು?”

“ಬ್ಯಾಡಗಿಯದು.”

ನಮ್ಮಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದರು. ಮೆಣಸಿನಕಾಯಿಯೂ ಅಮೆರಿಕದ್ದೇ, ಪೋರ್ತುಗೀಜರು ಬಂದ ಮೇಲೆ ನಮ್ಮ ದೇಶಕ್ಕೆ ಬಂದದ್ದು, ಅದಕ್ಕೆ ಮುಂಚೆ ನಮ್ಮವರಿಗೆ ಖಾರವೆಂದರೆ ಕರಿಮೆಣಸು, ಎಂದು ಅವರು ಬಿಡಿಸಿ ಹೇಳಿದರು. ಬಹುಶಃ ಅಜ್ಜಿಗೆ ಅವರೇ ಹಿಂದೊಮ್ಮೆ ಹೇಳಿದ್ದಿರಬೇಕು.

“ನೋಡಿದ್ಯಾ? ಇದೂ ಹೊರಗಿಂದನ. ಆದರ ನಮ್ಮ ಅಡಗಿ ಮನಿಗೆ ಬಂದು, ಜೀರಗಿ ಜೋಡಿ ಬೆಳ್ಳೊಳ್ಳಿ ಜೋಡಿ ಕೂಡಿಕೊಂಡು ಉಂಡಿತು. ಅವನ್ನ ಹೊರಗ ಹಾಕಲಿಲ್ಲ. ನಿನ್ನ ಕೈಯಾಗಿನ ಗಿಡ ಹಂಗಲ್ಲ. ಅದು ಬಂದಲ್ಲೆ ಇನ್ನೊಬ್ಬರು ಬಾಳಬಾರದು ಅಂತದ. ಎಲ್ಲಿಂದ ಬಂದಿ ಅಂತ ನಾವು ಕೇಳೂದಿಲ್ಲ. ಬಂದು ಏನು ಮಾಡಿದಿ ಅಂತ ಕೇಳ್ತೀವಿ.”

ಹುಡುಗ ರೊಟ್ಟಿ ತಿಂದು, ಖಾರಕ್ಕೆ ಮೂಗೊರೆಸಿಕೊಂಡು ಮತ್ತೆ ಕಳೆ ಕೀಳಲು ಹೋದ. ಅವನ ಮೈದಾನದ ಕಷ್ಟ ಅಷ್ಟಕ್ಕೆ ಮುಗಿಯಿತೆಂದು ನಾವು ಹೇಳುವುದಿಲ್ಲ. ಮುಂದಿನ ಭಾನುವಾರ ಮಾತ್ರ ಅವನು ತನ್ನ ಕಟ್ಟಡದ ಇಬ್ಬರು ಮರಾಠಿ ಹುಡುಗರನ್ನೂ ಒಬ್ಬ ಹುಡುಗಿಯನ್ನೂ ಕರೆದುಕೊಂಡು ಬಂದ. ಅವರ ಕೈಯಲ್ಲಿಯೂ ನೀರಿನ ಬಾಟಲಿಗಳಿದ್ದವು. ಹುಡುಗನ ಪಾಲಿನ ಸಸಿ ಸಾಲಿನ ಮೂರನೆಯ ಮುತ್ತುಗ. ನಾಲ್ವರೂ ಅದಕ್ಕೇ ನೀರೆರೆದು ಕೆಸರು ಮಾಡಿಬಿಟ್ಟರು.

೨೦೨೪ರ ಯುಗಾದಿಗೆ ಹನ್ನೊಂದರಲ್ಲಿ ಒಂಬತ್ತು ಜೀವಂತವಿದ್ದವು. ಅಂದು ಪಾನಕವನ್ನು ಗುಡ್ಡದ ಮೇಲೆಯೇ ಹಂಚಿದೆವು. ಕಾಕಾ ಗಾಠಿ ತಂದಿದ್ದರು, ನಾವು ಬೇವು-ಬೆಲ್ಲ ಕೊಟ್ಟೆವು. ಮೇಲಿನಿಂದ ಫರ್ಗ್ಯುಸನ್ ಕಾಲೇಜಿನ ಕಡೆಗೆ ಕೈಮಾಡಿ ಮಕ್ಕಳಿಗೆ ಒಂದು ಸಂಗತಿ ಹೇಳಿದೆವು. ನಾವು ಪ್ರತಿವರ್ಷ ಯಾರ ಯುಗಾದಿಯ ಹಾಡು ಹಾಡುತ್ತೇವೆಯೋ ಆ ಬೇಂದ್ರೆಯವರು ಅಲ್ಲಿಯೇ ಓದಿ ೧೯೧೮ರಲ್ಲಿ ಬಿ. ಎ. ಆದರು, ಮನೆಮಾತು ಮರಾಠಿಯಾದ ಅವರು ಕನ್ನಡದ ವರಕವಿಯಾದರು. ಅದೇ ರೀತಿ ೧೯೪೨ರಲ್ಲಿ ಪುಣೆಯಲ್ಲಿ ಹುಟ್ಟಿದ ಮಾಧವ ಗಾಡಗೀಳರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ದುಡಿದು, ನಮ್ಮ ಮಲೆನಾಡನ್ನು ನಮಗಿಂತ ಚೆನ್ನಾಗಿ ತಿಳಿದುಕೊಂಡರು. ಪುಣೆಯ ಸಸ್ಯಶಾಸ್ತ್ರಜ್ಞ ವರ್ತಕರ ಜೊತೆ ಸೇರಿ ಅವರು ಪಶ್ಚಿಮಘಟ್ಟದ ದೇವರಕಾಡುಗಳನ್ನು ಕುರಿತು ೧೯೭೬ರಲ್ಲಿ ಬರೆದ ಲೇಖನ ಹೆಸರಾದದ್ದು. ಇಲ್ಲಿಯ ದೇವರಾಯಿ, ನಮ್ಮ ದೇವರಕಾಡು. ಒಂದೇ ಶಬ್ದ ಎರಡು ಸೀರೆ ಉಟ್ಟಂತೆ. ಹೀಗೆ ಈ ಎರಡು ನಾಡುಗಳ ನಡುವೆ ಜನ ಹೋಗುತ್ತ ಬರುತ್ತ ಇದ್ದಾರೆ, ನಾವೇ ಮೊದಲಿಗರಲ್ಲ.

ಹೋಗುತ್ತ ಬರುತ್ತ ಎನ್ನುವಾಗ ಒಂದು ನೋವಿನ ಸಂಗತಿಯೂ ಬರುತ್ತದೆ. ಆ ವರ್ಷ ಜೂನಿನಲ್ಲಿ ಪ್ರಶ್ನೆ ಕೇಳಿದ ಹುಡುಗನ ತಂದೆಗೆ ಹೈದರಾಬಾದಿಗೆ ವರ್ಗವಾಯಿತು. ನಮ್ಮ ಏಳರಲ್ಲಿ ಒಂದು ಮನೆ ಖಾಲಿಯಾಯಿತು. ಹೊರಡುವ ಮುನ್ನಾದಿನ ಹುಡುಗ ಗುಡ್ಡಕ್ಕೆ ಬಂದು, ಆ ಮೂರನೆಯ ಮುತ್ತುಗಕ್ಕೆ ಮಳೆಯಲ್ಲಿಯೂ ಒಂದು ಬಾಟಲಿ ನೀರು ಹಾಕಿದ. “ಇನ್ನು ಇದಕ್ಕೆ ನೀರು ಯಾರು ಹಾಕ್ತಾರೆ?” ಎಂದು ಕೇಳಿದ. ಕಾಕಾನ ಹಳೆಯ ಪ್ರಶ್ನೆ ಕನ್ನಡದಲ್ಲಿ ಮರಳಿ ಬಂದಿತ್ತು. ಅವನ ಜೊತೆ ಬರುತ್ತಿದ್ದ ಮರಾಠಿ ಹುಡುಗಿ “ಮೀ” ಎಂದಳು. ನಾನು ಎಂದು.

ವರ್ಗವಾಗಿ ಹೋಗುವ ಜನ ಗಿಡ ನೆಡುವುದೇಕೆ ಎಂದು ಕೇಳುವವರುಂಟು. ಬಾಡಿಗೆಯ ಮನೆಗೆ ಮೊಳೆ ಹೊಡೆಯುವುದಕ್ಕೂ ಯೋಚಿಸುವವರು ನಾವು. ಆದರೆ ನಾವು ನೀರೆರೆದ ಒಂದು ಗಿಡವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಹೋದರೆ, ಆ ಊರಿನಲ್ಲಿ ನಮಗೆ ಒಂದು ನೆಂಟಸ್ತನ ಉಳಿಯುತ್ತದೆ. ಹೈದರಾಬಾದಿನಿಂದ ಆ ಹುಡುಗನ ಫೋನು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು; ನಮ್ಮ ಕ್ಷೇಮ ವಿಚಾರಿಸುವ ಮೊದಲು ಮುತ್ತುಗದ ಕ್ಷೇಮ ವಿಚಾರಿಸುತ್ತಿದ್ದ.

೨೦೨೫ರ ಫೆಬ್ರವರಿಯ ಕೊನೆಗೆ, ಶಿವರಾತ್ರಿಯ ಆಸುಪಾಸಿನಲ್ಲಿ, ಒಂದು ಸಂಜೆ ಗುಡ್ಡದ ಆ ಮಗ್ಗುಲಿಗೆ ಬೆಂಕಿ ಬಿತ್ತು. ಬೀಡಿಯ ಕಿಡಿಯೋ, ಬೇರೇನೋ, ಯಾರೂ ಕಂಡವರಿಲ್ಲ. ಸುದ್ದಿ ತಿಳಿದು ನಾವು ಓಡಿಹೋಗುವ ಹೊತ್ತಿಗೆ ಕಾಕಾ ಮತ್ತು ಇನ್ನೂ ಹಲವರು ಹಸಿ ಟೊಂಗೆಗಳಿಂದ ಬಡಿದು ಆರಿಸಿದ್ದರು. ನಾವು ಜನವರಿಯಲ್ಲಿ ಹುಲ್ಲು ಕೊಯ್ದು ಪಟ್ಟಿ ಬಿಡಿಸಿದ್ದ ಕಡೆ ಬೆಂಕಿ ನಿಂತಿತ್ತು. ಆದರೆ ಪಟ್ಟಿಯ ಕೊನೆಯ ಹತ್ತು ಮಾರನ್ನು ಇನ್ನೊಂದು ವಾರ ನೋಡೋಣವೆಂದು ಬಿಟ್ಟವರು ನಾವೇ. ಅಲ್ಲಿಂದ ಬೆಂಕಿ ನುಗ್ಗಿ ಮೂರು ಸಸಿಗಳನ್ನು ಸುಟ್ಟಿತ್ತು. ಅವುಗಳಲ್ಲಿ ಆ ಹುಡುಗನ ಮುತ್ತುಗವೂ ಒಂದು. ಕರಿಕಡ್ಡಿಯೊಂದು ಬೂದಿಯ ನಡುವೆ ನಿಂತಿತ್ತು. ಆ ತಿಂಗಳು ಅವನ ಫೋನು ಬಂದಾಗ ನಾವು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದೆವು. ಕೊನೆಗೆ ನಿಜವನ್ನೇ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇರು ಸುಟ್ಟಿದೆಯಾ?” ಎಂದು ಕೇಳಿದ. ನಮಗೆ ಗೊತ್ತಿರಲಿಲ್ಲ.

ಮರಾಠಿ ಹುಡುಗಿ ಮಾತ್ರ ನೀರು ಹಾಕು���ುದನ್ನು ಬಿಡಲಿಲ್ಲ. ಸುಟ್ಟ ಕಡ್ಡಿಗೆ ನೀರೆರೆಯುವುದನ್ನು ಕಂಡು ನಡೆಗಾರರು ನಗುತ್ತಿದ್ದರಂತೆ. ಆ ವರ್ಷದ ಯುಗಾದಿ ಮಾರ್ಚ್ ೩೦ರಂದು, ಭಾನುವಾರವೇ ಬಂತು. ಬೇವು-ಬೆಲ್ಲ ಕಟ್ಟಿಕೊಂಡು ನಾವು ಮೇಲೇರಿದಾಗ ಅವಳು ಕಡ್ಡಿಯ ಬುಡದಲ್ಲಿ ಕುಳಿತಿದ್ದಳು. ಕಲ್ಲಿನ ಅರ್ಧಚಂದ್ರದೊಳಗೆ, ಬೂದಿಯ ಪಕ್ಕದಿಂದ, ಕಂದು ರೋಮದ ಒಂದು ಚಿಗುರು ಎದ್ದಿತ್ತು. ಇನ್ನೂ ಬಿಚ್ಚದ ಮೂರೆಲೆ. ಮುತ್ತುಗದ ಸ್ವಭಾವವೇ ಹಾಗೆ, ಮೇಲೆ ಸುಟ್ಟರೂ ಬೇರು ಬಿಡುವುದಿಲ್ಲ ಎಂದು ಕಾಕಾ ಹೇಳಿದರು. ಉಳಿದ ಎರಡು ಸಸಿಗಳು ಏಳಲಿಲ್ಲ. ಚಿಗುರಿನ ಫೋಟೋ ಅಲ್ಲಿಂದಲೇ ಹೈದರಾಬಾದಿಗೆ ಹೋಯಿತು.

ಅಜ್ಜಿಗೆ ಈಗ ಮಂಡಿನೋವು, ಗುಡ್ಡ ಏರಲಾರರು. ಆದರೂ ನಮ್ಮ ಸರದಿಯ ದಿನ ಅವರ ಮನೆಯ ಬಾಗಿಲಿಗೆ ಹೋದರೆ ಒಂದು ತಂಬಿಗೆ ನೀರು ತಂದು ಕ್ಯಾನಿಗೆ ಸುರಿಯುತ್ತಾರೆ. “ನನ್ನ ಪಾಲಿಂದು” ಎನ್ನುತ್ತಾರೆ. ಹೋಟೆಲಿನವರು ಹಲಸಿನ ಆ ನಾಲ್ಕು ಚೀಟಿಗಳನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟಿದ್ದಾರೆ. ಕ್ಯಾನು ಹೊರುವುದರಲ್ಲಿ ಈಗ ನಮ್ಮಲ್ಲಿ ಅವರೇ ಮುಂದು. ಹನ್ನೊಂದರಲ್ಲಿ ಒಟ್ಟು ಏಳು ನಿಂತಿವೆ. ಇಷ್ಟು ವರ್ಷದ ದುಡಿಮೆಗೆ ಏಳೇ ಗಿಡವೇ ಎಂದರೆ, ಏಳೇ. ಬೇವು ಇನ್ನೂ ಹೂ ಬಿಟ್ಟಿಲ್ಲ. ಅದು ಹೂ ಬಿಡುವ ವರ್ಷ ಮಂಡಯಿಗೆ ಹೋಗುವುದು ಬೇಡವೆಂದು ಮಕ್ಕಳು ಆಗಲೇ ತೀರ್ಮಾನಿಸಿದ್ದಾರೆ.

ಓದುಗ ಬಂಧುಗಳೇ, ತಾವೂ ಬನ್ನಿ. ವಸಂತದಲ್ಲಿ ಮುತ್ತುಗ ಹೂ ಬಿಡುವ ಹೊತ್ತು ಗುಡ್ಡ ನೋಡಲು ಚೆಂದ. ಸಸಿಗಳಿಗೆ ನೀರಿನ ಕಷ್ಟವೂ ಆಗಲೇ. ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ಗುಡ್ಡದ ಬುಡದಲ್ಲಿರುತ್ತೇವೆ. ಮಕ್ಕಳನ್ನು ಕರೆತನ್ನಿ, ಮನೆಯ ಹಿರಿಯರಿಂದ ಮರಗಳ ಹೆಸರು ಕೇಳಿಕೊಂಡು ಬನ್ನಿ. ಉಪ್ಪಿಟ್ಟು ನಾವು ತರುತ್ತೇವೆ. ತಾವು ಬರುವಾಗ ಒಂದು ಕ್ಯಾನು ನೀರು ತಂದರೆ ಸಾಕು.